ಮುಚ್ಚಳಿಕೆ ಬರೆಸಿದರೆ ಕೇಸ್ ಮುಗಿಯಿತಾ?

(ಹಾಸನದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಸ್ಟಾಕಿಂಗ್ ಕೇಸುಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಬೇಲೂರು ಬಸ್ಸಿಗೆ ಕಾಯುವ ಹೆಣ್ಣುಮಕ್ಕಳಿಗೆ ಸ್ಟಾಕಿಂಗ್ ಏನು ಅಂತ ನಾನು ವಿವರಿಸಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಗೇಟಿನವರೆಗೂ ಹಿಂದೆ ಬರುವವನು, ಬ್ಲಾಕ್ ಮಾಡಿದರೆ ಹೊಸ ನಂಬರಿನಿಂದ ಮೆಸೇಜ್ ಹಾಕುವವನು ನಿಮಗೆ ಗೊತ್ತೇ ಇದ್ದಾನೆ. ಹಾಗಾಗಿ ನೇರ ಕಾನೂನಿಗೇ ಬರುತ್ತೇನೆ.

2013ರವರೆಗೆ ಇದಕ್ಕೆ ಬೇರೆ ಕಲಮೇ ಇರಲಿಲ್ಲ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಕಾನೂನು ತಿದ್ದುಪಡಿ ಸೂಚಿಸಲು ನ್ಯಾಯಮೂರ್ತಿ ವರ್ಮಾ ಸಮಿತಿ ಬಂತು, ಐಪಿಸಿಗೆ (ಭಾರತೀಯ ದಂಡ ಸಂಹಿತೆಗೆ) 354ಡಿ ಕಲಂ ಸೇರಿತು. 2024ರ ಜುಲೈ 1ರಿಂದ ಅದೇ, ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಹೆಂಗಸು ಇಷ್ಟವಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಪದೇ ಪದೇ ಹಿಂಬಾಲಿಸಿ ಸಲುಗೆ ಬೆಳೆಸಲು ನೋಡಿದರೆ ಅದು ಅಪರಾಧ. ಅವಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಟ್ಟರೂ ಅಷ್ಟೇ.

ಮೊದಲ ಸಲ ಅಪರಾಧ ಸಾಬೀತಾದರೆ 3 ವರ್ಷದವರೆಗೆ ಜೈಲು, ದಂಡ. ಇದು ಜಾಮೀನು ಸಿಗುವ ಕೇಸು. ಎರಡನೇ ಸಲವಾದರೆ 5 ವರ್ಷದವರೆಗೆ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಜನ ಎಡವುವುದು ಇಲ್ಲೇ. ಎರಡನೇ ಸಲ ಎಂದರೆ ಎರಡನೇ ಸಲ ಹಿಂದೆ ಬಿದ್ದದ್ದಲ್ಲ. ಮೊದಲೊಂದು ಕೇಸಿನಲ್ಲಿ ಕೋರ್ಟು ಅವನನ್ನು ತಪ್ಪಿತಸ್ಥ ಎಂದಿರಬೇಕು.

ನಮ್ಮ ಕಡೆ ಏನಾಗುತ್ತದೆ? ಎರಡೂ ಮನೆಯವರು ಸ್ಟೇಷನ್ನಿಗೆ ಹೋಗುತ್ತಾರೆ. ಊರಿನ ದೊಡ್ಡವರೊಬ್ಬರು ಜೊತೆಗೆ ಬರುತ್ತಾರೆ. "ಹುಡುಗ್ ಬುದ್ಧಿ ಸಾರ್, ಇದೊಂದ್ಸಲ ಬಿಟ್ಬಿಡಿ" ಅಂತಾರೆ. ಇನ್ನು ಹೀಗೆ ಮಾಡಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಹುಡುಗಿಯ ಮಾತು ಯಾರೂ ಕೇಳಿರುವುದಿಲ್ಲ, ಅದು ಬೇರೆ. ಆ ಕಾಗದ ಶಿಕ್ಷೆಯಲ್ಲ. ಅವನು ನಾಳೆ ಮತ್ತೆ ಬಂದರೆ ಕಾನೂನಿನ ಲೆಕ್ಕದಲ್ಲಿ ಅದು ಮೊದಲನೇ ಸಲವೇ! ಆದರೆ ಅದರ ಪ್ರತಿಯನ್ನು ಎಸೆಯಬೇಡಿ. ಹುಡುಗಿಗೆ ಇಷ್ಟವಿಲ್ಲ ಎಂದು ಅವನಿಗೆ ಗೊತ್ತಿತ್ತು ಎನ್ನುವುದಕ್ಕೆ ಅವನ ಸಹಿಗಿಂತ ಒಳ್ಳೆಯ ಸಾಕ್ಷಿ ಬೇಕಾ?

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಬೆದರಿಕೆ ಹಾಕಿ ಹಿಂದೆ ಬಿದ್ದರೆ, ದೂರವಿರು ಎಂಬ ಕೋರ್ಟ್ ಆದೇಶ ಮುರಿದರೆ, ಇಲ್ಲವೇ ಸಂತ್ರಸ್ತರು 16 ವರ್ಷದೊಳಗಿನವರಾದರೆ ಅದೇ ಇನ್ನೂ ಗಂಭೀರವಾದ ಬೇರೆ ಅಪರಾಧವಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಕಲಂಗಳು ಒಂದರ ಮೇಲೊಂದು ಸೇರುತ್ತವೆ. ಬೆದರಿಸಿದರೆ ಅದೇ ಸಂಹಿತೆಯ 351ನೇ ಕಲಂ. ಮಾನಭಂಗದ ಉದ್ದೇಶದಿಂದ ಕೈ ಹಿಡಿದು ಎಳೆದರೆ 74, ಅದಕ್ಕೆ ಕನಿಷ್ಠ 1 ವರ್ಷ ಜೈಲು. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಆದ್ದರಿಂದ ದೂರಿನಲ್ಲಿ ಸುಮ್ನೆ "ತೊಂದರೆ ಕೊಟ್ಟ" ಎಂದು ಬರೆಯಬೇಡಿ. ಯಾವ ದಿನ, ಎಲ್ಲಿ, ಏನು ಹೇಳಿದ, ಜೊತೆಗೆ ಯಾರಿದ್ದರು, ಎಲ್ಲ ಬರಬೇಕು.

ಮೆಸೇಜುಗಳನ್ನು ಅಳಿಸಬೇಡಿ. ಸಿಟ್ಟಿಗೆ ಫೋನನ್ನೇ ಬದಲಾಯಿಸುವವರಿದ್ದಾರೆ, ಅದೂ ಬೇಡ. ಸ್ಕ್ರೀನ್‌ಶಾಟನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್ಐಆರ್ ಪ್ರತಿ ಪುಕ್ಕಟೆ. ಯಾವ ಸ್ಟೇಷನ್ನಿನಲ್ಲಾದರೂ ದೂರು ಕೊಡಬಹುದು. ಎಫ್ಐಆರ್ ಮಾಡಲ್ಲ ಎಂದರೆ ಎಸ್‌ಪಿಯವರಿಗೆ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಹುಡುಗರ ಅಪ್ಪ ಅಮ್ಮನೂ ಇಲ್ಲಿ ಕೂತಿದ್ದೀರಿ. ಪೊಲೀಸ್ ನೋಟಿಸ್ ಬಂದರೆ ಮಗನನ್ನು ಬೆಂಗಳೂರಿಗೆ ಸಾಗಹಾಕಬೇಡಿ. ಹೇಳಿದ ದಿನ ಹಾಜರಾಗಲಿ, ವಕೀಲರ ಜೊತೆ ಮಾತಾಡಲಿ. ರಾಜಿಗೆಂದು ಹುಡುಗಿಗೆ ಫೋನ್ ಮಾಡಬೇಡಿ, ಅದು ಅವನ ಮೇಲೇ ತಿರುಗುತ್ತದೆ. ಹೇಗಿದ್ದರೂ 78ನೇ ಕಲಂ ರಾಜಿಯಾಗಬಲ್ಲ ಅಪರಾಧಗಳ ಪಟ್ಟಿಯಲ್ಲಿಲ್ಲ. ಆರೋಪ ಸುಳ್ಳು ಅನಿಸಿದರೂ ಉತ್ತರ ಕೊಡಬೇಕಾದ ಜಾಗ ಕೋರ್ಟು, ವಾಟ್ಸಾಪ್ ಸ್ಟೇಟಸ್ ಅಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಬಂಧನದಲ್ಲಿರುವ ಆರೋಪಿಗೂ ಆ ಹಕ್ಕಿದೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಕೂಡಲೇ ಪೊಲೀಸರು ಬೇಕಾದರೆ 112, ಮಹಿಳಾ ಸಹಾಯವಾಣಿ 181. ಅರಸೀಕೆರೆ, ಸಕಲೇಶಪುರದವರು ಇದಕ್ಕಾಗಿ ಹಾಸನಕ್ಕೆ ಬರಬೇಕಾಗಿಲ್ಲ. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ, ಅರ್ಜಿ ಅಲ್ಲೇ ಕೊಡಿ. ಈಗ ಪ್ರಶ್ನೆ ಕೇಳಿ. ಎಲ್ಲರ ಮುಂದೆ ಬೇಡ ಎನ್ನುವವರು ಚೀಟಿ ಬರೆದು ಕಳಿಸಿ, ಹೆಸರು ಹಾಕುವುದು ಬೇಡ.