ಒಂದೇ ದಿನದಲ್ಲಿ ಮುಗಿಸ್ತೀನಿ ಅಂದವರಿಗೆ ಗೋಡೆ ಕೊಡಬೇಡಿ

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಬೇರೇನೋ ಮಾತಾಡೋಣ ಅಂತ ಬರ್ಕೊಂಡಿದ್ದೆ, ಅದನ್ನ ಪಕ್ಕಕ್ಕಿಟ್ಟಿದೀನಿ. ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದಾರೆ: "ಡ್ರೈವಾಲ್‌ನಲ್ಲಿ ಒಂದು ತೂತು ಮುಚ್ಚೋಕೆ ಮೂರು ದಿನ ಅಂತೀರಲ್ಲ, ನಮ್ಮ ಕಾಂಟ್ರಾಕ್ಟರ್ ಬೆಳಿಗ್ಗೆ ಬಂದು ಸಂಜೆಗೆ ಪೇಂಟೂ ಹೊಡೆದು ಹೋದ್ರು. ನಿಮಗೆ ಕೆಲಸ ಗೊತ್ತಿಲ್ಲ." ಗೊತ್ತಿಲ್ಲದವರಿಗೆ, ಡ್ರೈವಾಲ್ ಅಂದ್ರೆ ಜಿಪ್ಸಮ್ ಬೋರ್ಡಿನ ಗೋಡೆ. ಈ ಕಾಮೆಂಟ್‌ಗೆ ಲೈಕ್ ಬೇರೆ ಬಿದ್ದಿದೆ. ಕೊಟ್ಟವರು ಯಾರು ಅಂತ ನೋಡ್ತಾ ಇದೀನಿ, ಇರ್ಲಿ.

ನಾನು ಹೇಳೋದು ಒಂದೇ ಮಾತು. ಡ್ರೈವಾಲ್ ಕೆಲಸಕ್ಕೆ ಹತ್ತಿರದವರನ್ನೇ ಹಿಡೀರಿ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ. ಕಾರಣ ಇಷ್ಟೇ: ಹತ್ತಿರದವರು ವಾಪಸ್ ಬರ್ತಾರೆ. ಈ ಕೆಲಸಕ್ಕೆ ವಾಪಸ್ ಬರೋದೇ ಮುಖ್ಯ. ಮತ್ತೆ ಬರದವರಿಗೆ ಕೆಲಸ ಕೊಡಬೇಡಿ.

ಬೋರ್ಡ್ ನಿಲ್ಲಿಸೋದು ಏನೂ ಮಹಾ ಕಷ್ಟ ಅಲ್ಲ. ಒಳಗೆ ಜಿಪ್ಸಮ್, ಎರಡೂ ಕಡೆ ಕಾಗದ. ಸ್ಟಡ್, ಅಂದ್ರೆ ಒಳಗಿನ ಚೌಕಟ್ಟಿನ ನಿಲುವು ಪಟ್ಟಿ, ಹಾಕಿ ಅದಕ್ಕೆ ಬೋರ್ಡನ್ನ ಸ್ಕ್ರೂ ಹೊಡೀತಾರೆ. ಸ್ಕ್ರೂ ತಲೆ ಒಂಚೂರು ಒಳಗೆ ಕೂರಬೇಕು, ಆದರೆ ಮೇಲಿನ ಕಾಗದ ಹರೀಬಾರದು; ಕಾಗದ ಹರಿದ್ರೆ ಆ ಸ್ಕ್ರೂ ಹಿಡಿತ ಹೋಯ್ತು. ಇದನ್ನೂ ಕೆಡಿಸೋರು ಇದಾರೆ, ಅವರ ಬಗ್ಗೆ ಇನ್ನೊಂದು ದಿನ ಬೈಯೋಣ.

ಗೋಡೆಯ ಹಣೆಬರಹ ಇರೋದು ಜಾಯಿಂಟ್‌ನಲ್ಲಿ. ಬೋರ್ಡಿನ ಉದ್ದದ ಅಂಚು ಸ್ವಲ್ಪ ತೆಳ್ಳಗಿರುತ್ತೆ, ನೋಡಿದೀರಾ? ಅಂಥ ಎರಡು ಅಂಚು ಸೇರಿದ ಕಡೆ ಕೈಯಾಡಿಸಿದ್ರೆ ಸಣ್ಣ ತಗ್ಗು ಸಿಗುತ್ತೆ. ಆ ತಗ್ಗಿಗೆ ಕಾಂಪೌಂಡ್, ಅಂದ್ರೆ ಸಂದು ಮುಚ್ಚೋ ಪೇಸ್ಟ್, ತುಂಬಿ, ಮೇಲೆ ಕಾಗದದ ಟೇಪ್ ಇಟ್ಟು, ಬ್ಲೇಡ್‌ನಿಂದ ಒತ್ತಿ ಎಳೀತಾರೆ. ಹೆಚ್ಚಾಗಿದ್ದು ಪಕ್ಕದಿಂದ ಹೊರಗೆ ಬರುತ್ತೆ. ಅದು ಪೂರ್ತಿ ಒಣಗಬೇಕು. ಆಮೇಲೆ ಎರಡನೇ ಕೋಟ್, ಮೊದಲಿನದಕ್ಕಿಂತ ಅಗಲ. ಅದೂ ಒಣಗಬೇಕು. ಮೂರನೇದು ಇನ್ನೂ ಅಗಲ, ಅಂಚು ಎಲ್ಲಿ ಮುಗೀತು ಅಂತ ಕೈಗೆ ಗೊತ್ತಾಗದ ಹಾಗೆ. ಕೊನೆಗೆ ಉಜ್ಜೋದು. ಡಬ್ಬದಲ್ಲಿ ಕಲಸಿದ್ದೇ ಬರೋ ಕಾಂಪೌಂಡ್ ಒಣಗೋದು ನೀರು ಆವಿಯಾಗಿ. ನೀರು ಹೋದಷ್ಟೂ ಅದು ಕುಗ್ಗುತ್ತೆ. ಒಂದೊಂದು ಕೋಟ್‌ಗೆ ಸುಮಾರು 24 ಗಂಟೆ ಅಂತ ಇಟ್ಕೊಳ್ಳಿ, ಹವೆಯಲ್ಲಿ ತೇವ ಇದ್ರೆ ಇನ್ನೂ ಜಾಸ್ತಿ. ಹಸಿ ಕೋಟ್ ಮೇಲೆ ಇನ್ನೊಂದು ಹಸಿ ಕೋಟ್ ಬಳಿದ್ರೆ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಪೇಂಟ್ ಆದ ಮೇಲೆ ನಿಧಾನಕ್ಕೆ ಕುಗ್ಗುತ್ತೆ. ಆಗ ಗೋಡೆ ಮೇಲೆ ಟೇಪಿನ ಗೆರೆ ಎದ್ದು ಕಾಣುತ್ತೆ. ಅಷ್ಟು ಹೊತ್ತಿಗೆ ದುಡ್ಡು ಇಸ್ಕೊಂಡವರು ಫೋನ್ ಎತ್ತಲ್ಲ.

ಈಗ ನಮ್ಮ ಕಾಮೆಂಟ್ ಮಹಾನುಭಾವರ ತೂತಿಗೆ ಬರೋಣ. ಮುಷ್ಟಿ ಗಾತ್ರದ್ದು ಅಂತ ಇಟ್ಕೊಳ್ಳಿ. ಅದನ್ನ ಚೌಕವಾಗಿ ಕತ್ತರಿಸಬೇಕು, ಹಿಂದೆ ಒಂದು ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು, ಅಳತೆಗೆ ತುಂಡು ಕೂರಿಸಬೇಕು, ನಾಲ್ಕೂ ಕಡೆ ಟೇಪ್, ಆಮೇಲೆ ಅದೇ ಮೂರು ಕೋಟ್. ಮೊದಲ ದಿನ ಬಿಟ್ರೆ ಒಂದೊಂದು ಸಲಕ್ಕೆ ಕೈಕೆಲಸ ಸ್ವಲ್ಪ ಹೊತ್ತಿನದು, ಉಳಿದಿದ್ದೆಲ್ಲ ಕಾಯೋದು. ಈ ಚೂರು ಕೆಲಸಕ್ಕೆ ಊರಾಚೆಯಿಂದ ಮೂರು ಸಲ ಯಾರು ಬರ್ತಾರೆ? ಅವರು ಒಂದೇ ಸಲಕ್ಕೆ ದಪ್ಪಗೆ ಮೆತ್ತಿ, ಹೀಟರ್ ಇಟ್ಟು, ಮೇಲಷ್ಟೇ ಒಣಗಿಸಿ ಗಾಡಿ ಹತ್ತುತಾರೆ. ಪಕ್ಕದ ಬೀದಿಯವರು ಕೆಲಸಕ್ಕೆ ಹೋಗ್ತಾ ಒಂದು ಕೋಟ್, ಬರ್ತಾ ಒಂದು ಇಣುಕು. ಅರ್ಥ ಆಯ್ತಾ? ವಾಪಸ್ ಬರ್ತಾರೆ!

ಗಾದೆ ಇದೆಯಲ್ಲ, ತೂತು ಒಲೆ ಕೆಡಿಸ್ತು, ಮಾತು ಮನೆ ಕೆಡಿಸ್ತು ಅಂತ. ಇಲ್ಲಿ ತೂತು ಪಾಪ ಸುಮ್ನೆ ಇತ್ತು, ಗೋಡೆ ಕೆಡಿಸಿದ್ದೇ ಸಂಜೆಗೆ ಮುಗಿಸ್ತೀನಿ ಅನ್ನೋ ಮಾತು.

ಹಾಂ, ಸಬ್‌ಸ್ಕ್ರೈಬ್ ಆಗದೇ ಇಲ್ಲೀವರೆಗೂ ಕೇಳಿದವರು ಈಗಲಾದ್ರೂ ಆ ಬಟನ್ ಒತ್ತಿ. ಅದಕ್ಕೆ ಮೂರು ಕೋಟ್ ಬೇಡ, ಒಂದೇ ಸಲ ಸಾಕು.

ಇನ್ನು ಬುದ್ಧಿವಂತರು ಬರ್ತಾರೆ: "ಪುಡಿ ರೂಪದ ಕಾಂಪೌಂಡ್ ಇದೆ, ನೀರು ಬೆರೆಸಿದ್ರೆ 20 ನಿಮಿಷಕ್ಕೆ ಗಟ್ಟಿಯಾಗುತ್ತೆ." ಇದೆ ಸ್ವಾಮಿ, 45 ನಿಮಿಷದ್ದೂ ಇದೆ, 90 ನಿಮಿಷದ್ದೂ ಇದೆ. ಗಟ್ಟಿಯಾಗೋದು ಬೇರೆ, ಒಣಗೋದು ಬೇರೆ. ಗಟ್ಟಿಯಾದ ಮೇಲೂ ಒಳಗೆ ತೇವ ಇರುತ್ತೆ, ಅದರ ಮೇಲೆ ಪ್ರೈಮರ್ ಕೂಡ ಇಲ್ಲದೆ ಪೇಂಟ್ ಎಳೆದ್ರೆ ತೇಪೆ ತೇಪೆಯಾಗಿ ಕಾಣುತ್ತೆ. ಸಣ್ಣ ತೂತಿಗೆ ಅದು ನಡೆಯುತ್ತೆ ಅಂತೀರಾ? ನಡೀಲಿ. ನಾನು ಒಪ್ಪಲ್ಲ.

ಇನ್ನೊಬ್ಬರು, "ದೊಡ್ಡ ಕಂಪನಿಗೆ ಕೊಟ್ರೆ ವಾರಂಟಿ ಇರುತ್ತೆ." ವಾರಂಟಿ ಕಾಗದಕ್ಕೆ ಕೈಕಾಲು ಇದೆಯಾ, ಬಂದು ಕೋಟ್ ಹಾಕೋಕೆ? ವಾರಂಟಿ ಕೊಟ್ಟವರೂ ವಾಪಸ್ ಬರಬೇಕಲ್ಲ. ನೋಡಿ, ಎಲ್ಲಿಂದ ಹೊರಟ್ರೂ ನನ್ನ ಮಾತಿಗೇ ಬಂದು ನಿಲ್ತೀರ.

ಕರೆಸೋ ಮೊದಲು ಕೇಳಿ: ಎಷ್ಟು ಕೋಟ್, ಯಾವ್ಯಾವ ದಿನ ಬರ್ತೀರ? ದಿನಗಳನ್ನ ಕೊಟೇಶನ್‌ನಲ್ಲೇ ಬರೆಸ್ಕೊಳ್ಳಿ. ಅಮೆರಿಕದಲ್ಲಿ ಫಿನಿಶಿಂಗ್‌ಗೆ 0 ಇಂದ 5 ರವರೆಗೆ ಮಟ್ಟ ಮಾಡಿಟ್ಟಿದಾರೆ; 5 ಅಂದ್ರೆ ಜಾಯಿಂಟ್ ಅಷ್ಟೇ ಅಲ್ಲ, ಇಡೀ ಗೋಡೆಗೆ ತೆಳ್ಳಗೆ ಒಂದು ಪದರ. ಹೊಳೆಯೋ ಪೇಂಟ್ ಬೇಕಾದ್ರೆ, ಕಿಟಕಿ ಬೆಳಕು ಗೋಡೆಗೆ ಅಡ್ಡ ಬೀಳೋ ಹಾಗಿದ್ರೆ ಅದು ಬೇಕು. ತೇವದ ಕಲೆ ಇದ್ರೆ ನೀರು ಎಲ್ಲಿಂದ ಬಂತು ಅಂತ ಕೇಳದೇ ತೇಪೆ ಹಾಕೋಕೆ ಬರೋರನ್ನ ಬಾಗಿಲಲ್ಲೇ ಕಳಿಸಿ. ಕೊನೇ ಕಂತು ಕೊಡೋ ಮೊದಲು ರಾತ್ರಿ ಲೈಟ್ ಆರಿಸಿ, ಟಾರ್ಚನ್ನ ಗೋಡೆಗೆ ಒರಗಿಸಿ ಬೆಳಕು ಬಿಡಿ. ಉಬ್ಬು, ಗೆರೆ, ಸ್ಕ್ರೂ ಗುರುತು ಎಲ್ಲ ನೆರಳಾಗಿ ಎದ್ದು ಬರುತ್ತೆ. ಪೇಂಟ್‌ಗೆ ಮೊದಲೇ ನೋಡಿದ್ರೆ ಇನ್ನೂ ಒಳ್ಳೇದು.

ಆ ಗೆರೆ ತಿದ್ದೋಕೆ ಯಾರು ಬೇಕು? ವಾಪಸ್ ಬರೋರು ಬೇಕು! ಎಷ್ಟು ಸಲ ಹೇಳ್ಲಿ? ಬರಬೇಕು, ಹೋಗಬೇಕು, ಮತ್ತೆ ಬರಬೇಕು. ಯಾಕೆ ಅಂತ ಕೇಳಿದ್ರೆ... ಅಷ್ಟೇ, ಬರಬೇಕು. ಹೇಳಿ ಹೇಳಿ ಗಂಟಲು ಒಣಗಿದೆ, ಕಾಂಪೌಂಡ್‌ಗಿಂತ ಬೇಗ.

ಮುಂದಿನ ವಾರ ಸೀಲಿಂಗ್ ಬಿರುಕಿನ ಬಗ್ಗೆ, ಗಂಟೆ ಒತ್ತಿಟ್ಕೊಳ್ಳಿ. ಕೆಳಗೆ ಮತ್ತೆ ಆ 20 ನಿಮಿಷದ ಪುಡಿ ಅಂತ ಬರೀಬೇಡಿ. ಬರೆದ್ರೆ ಓದ್ತೀನಿ, ಲೈಕೂ ಕೊಡ್ತೀನಿ, ಚಾನೆಲ್‌ಗೆ ಒಳ್ಳೇದು. ಒಪ್ಪೋದಂತೂ ಇಲ್ಲ.