ಕ್ಲೀನ್ ಹಿಟ್‌ಗೆ ಮುಷ್ಟಿಯ ಉತ್ತರ ಯಾಕೆ?

ಕೇಳುಗರಿಗೆ ನಮಸ್ಕಾರ.

ನಾವು ನೋಡಿ ಬೆಳೆದ ಮೈದಾನದ ಹಾಕಿಯಲ್ಲಿ ಎದುರಾಳಿಯನ್ನು ಮೈಯಿಂದ ತಳ್ಳಿದರೆ ಅಂಪೈರ್ ಸೀಟಿ ಊದುತ್ತಾರೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹಾಗಲ್ಲ. ಪಕ್, ಅಂದರೆ ಅಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಯಾರ ಹತ್ತಿರ ಇದೆಯೋ ಅವರನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಬಹುದು. ಜೋರಾಗಿಯೇ ಗುದ್ದಬಹುದು. ಆದರೆ ಮೊಣಕೈ ಎತ್ತಬಾರದು, ಬೆನ್ನ ಹಿಂದಿನಿಂದ ಬರಬಾರದು, ತಲೆಗೆ ಗುರಿ ಇಡಬಾರದು. ಇಷ್ಟು ಪಾಲಿಸಿದರೆ ಅದು ಕ್ಲೀನ್ ಹಿಟ್.

ಹೊಡೆದಾಟಕ್ಕೂ ಅಲ್ಲಿ ರೀತಿ ರಿವಾಜು ಇದೆ. ಇಬ್ಬರೂ ಒಪ್ಪಬೇಕು, ಇಬ್ಬರೂ ಗ್ಲೌಸ್ ಕಳಚಿ ಹಾಕಬೇಕು. ಬಿದ್ದವನಿಗೆ ಹೊಡೆಯಬಾರದು. ಆಮೇಲೆ ಇಬ್ಬರಿಗೂ ಐದೈದು ನಿಮಿಷ ಪೆನಾಲ್ಟಿ, ಅಂದರೆ ಅಷ್ಟು ಹೊತ್ತು ಆಟದಿಂದ ಹೊರಗೆ. ಇದನ್ನು ಆಟಗಾರರು ‘ಕೋಡ್’ ಅನ್ನುತ್ತಾರೆ. ಇದರಲ್ಲಿ ಬಹುಪಾಲು ಹಿರಿಯರಿಂದ ಕಿರಿಯರಿಗೆ ಬಂದದ್ದು.

ನನ್ನ ತಕರಾರು ಒಂದೇ. ಹಿಟ್ ಕ್ಲೀನ್ ಆಗಿದ್ದರೂ ಹೊಡೆದವನ ಮೇಲೆ ಎದುರು ತಂಡದವರು ಮುಗಿಬೀಳುತ್ತಾರೆ. ‘ನಮ್ಮವನು ನೆಲಕ್ಕೆ ಬಿದ್ದಾಗ ಸುಮ್ನೆ ನಿಲ್ಲೋದು ಹೇಗೆ?’ ಅನ್ನುವುದು ಅವರ ವಾದ. ಆ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಸ್ಟೀವ್ ಮೂರ್ ಕತೆ ಕೇಳಿ.

2004ರ ಫೆಬ್ರವರಿ 16. ಕೊಲರಾಡೊ ತಂಡದ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲುಂಡ್‌ಗೆ ಗುದ್ದಿದ. ನಾಸ್ಲುಂಡ್ ತಲೆಗೆ ಪೆಟ್ಟಾಯಿತು. ರೆಫರಿ ಪೆನಾಲ್ಟಿ ಕೊಡಲಿಲ್ಲ, ಲೀಗ್ ಕೂಡ ಶಿಕ್ಷೆ ಕೊಡಲಿಲ್ಲ. ವ್ಯಾಂಕೂವರ್‌ನವರ ಸಿಟ್ಟು ಇಳಿಯಲಿಲ್ಲ. ಮಾರ್ಚ್ 8ರಂದು ಮತ್ತೆ ಎದುರಾದರು. ಮೊದಲ ಅವಧಿಯಲ್ಲೇ ವ್ಯಾಂಕೂವರ್‌ನ ಮ್ಯಾಟ್ ಕುಕ್ ಮೂರ್‌ನನ್ನು ಹೊಡೆದಾಟಕ್ಕೆ ಕರೆದ. ಮೂರ್ ಹಿಂದೆ ಸರಿಯಲಿಲ್ಲ, ಗ್ಲೌಸ್ ಕಳಚಿ ಹೊಡೆದಾಡಿದ. ಕೋಡ್ ಪ್ರಕಾರ ಲೆಕ್ಕ ಅಲ್ಲಿಗೆ ಚುಕ್ತಾ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಮೂರನೇ ಅವಧಿಯಲ್ಲಿ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಹಿಂದಿನಿಂದ ಬಂದು ಮೂರ್‌ನ ತಲೆಗೆ ಗುದ್ದಿದ, ಅವನ ಮೇಲೆಯೇ ಬಿದ್ದ. ಮೂರ್‌ನ ಕುತ್ತಿಗೆಯ ಮೂರು ಮೂಳೆ ಮುರಿದವು. ಆಗ ಅವನಿಗೆ 25 ವರ್ಷ. ಮತ್ತೆಂದೂ ಆ ಲೀಗ್‌ನಲ್ಲಿ ಆಡಲಿಲ್ಲ. ಅವನು ಹೂಡಿದ ಕೇಸು ರಾಜಿಯಾಗಲು 2014ರವರೆಗೆ ಕಾಯಬೇಕಾಯಿತು.

ಮೂರ್ ಆ ರಿವಾಜಿಗೆ ತಲೆಬಾಗಿದ್ದ. ರಿವಾಜು ಅವನನ್ನು ಕಾಪಾಡಲಿಲ್ಲ. ಅದಕ್ಕೇ ‘ಕೋಡ್ ಇದ್ದರೆ ಆಟಗಾರರು ಕ್ಷೇಮ’ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಅದೇ ಮ್ಯಾಟ್ ಕುಕ್ 2010ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ಪರ ಆಡುತ್ತಿದ್ದ. ಬಾಸ್ಟನ್‌ನ ಮಾರ್ಕ್ ಸವಾರ್ಡ್‌ಗೆ ಪಕ್ಕದಿಂದ ಬಂದು ತಲೆಗೆ ಗುದ್ದಿದ. ಸವಾರ್ಡ್ ಅವನನ್ನು ನೋಡಿಯೇ ಇರಲಿಲ್ಲ. ಪೆನಾಲ್ಟಿ ಇಲ್ಲ, ಅಮಾನತೂ ಇಲ್ಲ, ಯಾಕೆಂದರೆ ಆಗ ಅಂಥ ಹಿಟ್‌ಗೆ ನಿಯಮವೇ ಇರಲಿಲ್ಲ. ಆ ಎರಡು ತಂಡಗಳು ಮತ್ತೆ ಎದುರಾದ ಪಂದ್ಯದಲ್ಲಿ ಬಾಸ್ಟನ್‌ನ ಶಾನ್ ಥಾರ್ನ್‌ಟನ್ ಕುಕ್ ಜೊತೆ ಹೊಡೆದಾಡಿದ. ಪ್ರೇಕ್ಷಕರಿಗೆ ಸಮಾಧಾನ ಆಗಿರಬಹುದು. ಸವಾರ್ಡ್‌ಗೆ ಏನು ಸಿಕ್ಕಿತು? ಮುಂದಿನ ವರ್ಷದ ಜನವರಿಯಲ್ಲಿ ಅವನ ಆಟವೇ ಮುಗಿಯಿತು. ನಿಜವಾದ ಬದಲಾವಣೆ ತಂದದ್ದು 48ನೇ ನಿಯಮ, 2010-11ರ ಋತುವಿನಲ್ಲಿ. ಕಾಣದ ಕಡೆಯಿಂದ ಬಂದು ತಲೆಗೆ ಗುದ್ದುವುದು ಅಂದಿನಿಂದ ತಪ್ಪು. ಹಿಟ್ ಕೆಟ್ಟದ್ದಾದರೆ ನಿಯಮ ಬದಲಿಸಿ, ಅಮಾನತು ಮಾಡಿ. ಹಿಟ್ ಸರಿಯಿದ್ದರೆ ಹೊಡೆದವನು ಯಾಕೆ ಮುಷ್ಟಿ ಎತ್ತಿ ಉತ್ತರ ಕೊಡಬೇಕು?

ಇದಕ್ಕೆ ಮದ್ದು ನಿಯಮದ ಪುಸ್ತಕದಲ್ಲೇ ಇದೆ. ಜಗಳ ಶುರು ಮಾಡಿದವನಿಗೆ ಐದು ನಿಮಿಷದ ಜೊತೆ ಇನ್ನೂ ಎರಡು ನಿಮಿಷ, ಮೇಲೆ ಹತ್ತು ನಿಮಿಷದ ಶಿಕ್ಷೆ. ಆದರೆ ರೆಫರಿಗಳು ಇದನ್ನು ಜಾಸ್ತಿ ಬಳಸುವುದಿಲ್ಲ. ಕ್ಲೀನ್ ಹಿಟ್ ಆದ ಮೇಲೆ ಓಡಿ ಬಂದು ಕಾಲರ್ ಹಿಡಿದವನಿಗೆ ಪ್ರತಿ ಸಲವೂ ಇದು ಬೀಳಬೇಕು. ಆ ಎರಡು ನಿಮಿಷ ಅವನ ತಂಡ ಒಬ್ಬ ಕಡಿಮೆ ಆಟಗಾರನ ಜೊತೆ ಆಡಲಿ. ಸೇಡು ತೀರಿಸಲೇಬೇಕು ಅನ್ನಿಸಿದರೆ, ಅದೇ ಎದುರಾಳಿಯ ಹತ್ತಿರ ಪಕ್ ಬರುವವರೆಗೆ ಕಾಯಲಿ. ಮೊಣಕೈ ಕೆಳಗಿಟ್ಟು, ಎದುರಿನಿಂದ ಬಂದು, ಅಷ್ಟೇ ಜೋರಾಗಿ ಭುಜದಿಂದ ಗುದ್ದಲಿ.