ಉತ್ತರ ಮಿಷಿಗನ್‌ಗೆ ವಸಂತ ತಡವಾಗಿಯೇ ಬರಲಿ

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡುತ್ತಿರುವುದು ಉತ್ತರ ಮಿಷಿಗನ್ ಹವಾಮಾನದ ಬಗ್ಗೆ. ಟ್ರಾವರ್ಸ್ ಸಿಟಿ, ಪಕ್ಕದ ಲೀಲನಾವ್, ಓಲ್ಡ್ ಮಿಷನ್, ಅಂದರೆ ಲೇಕ್ ಮಿಷಿಗನ್ ದಡದ ಆ ಇಡೀ ಪಟ್ಟಿ.

ಮಾರ್ಚ್ ಹತ್ತಿರ ಬಂದ ಹಾಗೆ ಎಲ್ಲರದ್ದೂ ಒಂದೇ ಪ್ರಶ್ನೆ. ಈ ಸಲ ಚಳಿ ಬೇಗ ಹೋಗುತ್ತಾ? ಅಮೆರಿಕದ ಹವಾಮಾನ ಇಲಾಖೆಯವರು ಮೂರು ತಿಂಗಳ ಮುನ್ನೋಟದ ನಕ್ಷೆ ಹಾಕುತ್ತಾರೆ. ನಮ್ಮ ಭಾಗದ ಮೇಲೆ ಕಿತ್ತಳೆ ಬಣ್ಣ, ಅಂದರೆ ವಾಡಿಕೆಗಿಂತ ಬೆಚ್ಚಗಿರಬಹುದು ಅನ್ನುವ ಗುರುತು, ಬಿದ್ದಿದ್ದರೆ ವಾಟ್ಸಾಪ್ ಗುಂಪುಗಳಲ್ಲಿ ಸಂಭ್ರಮ. ನನಗೆ ಮಾತ್ರ ಆ ಬಣ್ಣ ನೋಡಿದರೆ ಭಯ ಆಗುತ್ತದೆ. ಈ ದಡಕ್ಕೆ ವಸಂತ ಬೇಗ ಬರಬಾರದು. ತಡವಾಗಿ ಬಂದರೇ ಒಳ್ಳೆಯದು.

ಊರಲ್ಲಿ ಯುಗಾದಿ ಹೊತ್ತಿಗೆ ಮಾವು ಚಿಗುರಿ, ಬೇವು ಹೂ ಬಿಟ್ಟಿರುತ್ತದೆ. ಅದೇ ಲೆಕ್ಕ ತಲೆಯಲ್ಲಿ ಇಟ್ಟುಕೊಂಡು ಬಂದವರಿಗೆ ಮಾರ್ಚ್ ಕೊನೆಯಲ್ಲಿ ಬೋಳು ಮರ, ಕೊಳಕು ಹಿಮದ ಗುಡ್ಡೆ ನೋಡಿದರೆ ಬೇಜಾರಾಗುವುದು ಸಹಜ. ಆ ಬೇಜಾರು ನನಗೂ ಗೊತ್ತು. ಆದರೆ ಆ ಬೋಳು ಮರಗಳಲ್ಲಿ ಎಷ್ಟೋ ಚೆರಿ ಮರಗಳು. ಅಮೆರಿಕದಲ್ಲಿ ಬೆಳೆಯುವ ಹುಳಿ ಚೆರಿಯಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಮಿಷಿಗನ್‌ನದು, ಅದರಲ್ಲೂ ದೊಡ್ಡ ಪಾಲು ಈ ದಡದ್ದು. ಇಷ್ಟು ಉತ್ತರದಲ್ಲಿ, ಇಂಥ ಚಳಿಯಲ್ಲಿ ಚೆರಿ ಬೆಳೆಯುವುದು ಹೇಗೆ ಅಂತ ಕೇಳಿದರೆ ಉತ್ತರ ಒಂದೇ: ಸರೋವರ.

ನೀರು ಬಿಸಿಯಾಗುವುದು ಬಹಳ ನಿಧಾನ. ಏಪ್ರಿಲ್ ಬಂದರೂ ಲೇಕ್ ಮಿಷಿಗನ್ ನೀರು ಮಂಜುಗಡ್ಡೆಗಿಂತ ಸ್ವಲ್ಪವೇ ಬೆಚ್ಚಗೆ. ಅದರ ಮೇಲಿಂದ ಬೀಸುವ ಗಾಳಿ ದಡವನ್ನು ತಣ್ಣಗೇ ಇಡುತ್ತದೆ. ಹತ್ತು ಮೈಲಿ ಒಳಗೆ ಹೋದರೆ ಜನ ಟೀ ಶರ್ಟ್‌ನಲ್ಲಿ ಓಡಾಡುತ್ತಿರುತ್ತಾರೆ, ದಡದಲ್ಲಿ ಜಾಕೆಟ್ ಬೇಕು. ಎಲ್ಲರೂ ಬೈಯುವ ಗಾಳಿ ಇದು. ಆದರೆ ಮೊಗ್ಗನ್ನು ತಡೆದು ಹಿಡಿಯುವುದೂ ಇದೇ ಗಾಳಿ, ಹೆಪ್ಪುಗಟ್ಟಿಸುವ ಚಳಿಯ ರಾತ್ರಿಗಳು ಮುಗಿಯುವವರೆಗೂ ಮರ ಕಣ್ಣು ಬಿಡದ ಹಾಗೆ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಇದೇ ನೀರು ದಡವನ್ನು ಒಳನಾಡಿಗಿಂತ ಬೆಚ್ಚಗೆ ಇಟ್ಟು ಮರ ಸಾಯದಂತೆ ಕಾಯುತ್ತದೆ, ಅದು ಬೇರೆ.

ಚೆರಿ ಮರಕ್ಕೆ ಮೊದಲು ಸಾಕಷ್ಟು ಚಳಿ ಬೇಕು, ಸುಮಾರು ಸಾವಿರ ಗಂಟೆ. ಮಾರ್ಚ್ ಹೊತ್ತಿಗೆ ಆ ಕೋಟಾ ಮುಗಿದಿರುತ್ತದೆ. ಆಮೇಲೆ ಬರುವ ಒಂದೊಂದು ಬಿಸಿಲ ದಿನವೂ ಮೊಗ್ಗನ್ನು ಮುಂದಕ್ಕೆ ತಳ್ಳುತ್ತದೆ, ವಾಪಸ್ ಹೋಗುವ ದಾರಿ ಇಲ್ಲ. ಮುಚ್ಚಿದ ಮೊಗ್ಗು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ ತಡೆಯುತ್ತದೆ. ಅದೇ ಅರಳಿದ ಹೂವು 28 ಡಿಗ್ರಿ ಫ್ಯಾರನ್‌ಹೀಟ್‌ಗೇ, ಅಂದರೆ ಮೈನಸ್ 2 ಸೆಲ್ಸಿಯಸ್‌ಗೇ, ಸಾಯಲು ಶುರು. ಇನ್ನು ಮೂರ್ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಮರದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಅಂತಲೇ ಲೆಕ್ಕ. ಬೆಳೆಗಾರರು ಬೆಳಿಗ್ಗೆ ಎದ್ದು ಮೊಗ್ಗನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು ನೋಡುತ್ತಾರೆ. ನಡುವೆ ಹಣ್ಣಾಗಬೇಕಿದ್ದ ಪುಟ್ಟ ಚುಕ್ಕೆ ಹಸಿರಾಗಿದ್ದರೆ ಬದುಕಿದೆ. ಕಪ್ಪಾಗಿದ್ದರೆ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಹೂವೂ ಅರಳಬಹುದು, ಹಣ್ಣು ಮಾತ್ರ ಕೂರುವುದಿಲ್ಲ.

ಜನವರಿಯಲ್ಲಿ ಅಕಾಲ ಮಳೆ ಬಿದ್ದು ಕಾಫಿ ಹೂ ಬಿಟ್ಟರೆ ಚಿಕ್ಕಮಗಳೂರಿನ ಬೆಳೆಗಾರರ ಮುಖ ಹೇಗಾಗುತ್ತದೆ ನೋಡಿದ್ದೀರಲ್ಲ, ಇದೂ ಅದೇ ಸಂಕಟ.

2012ರಲ್ಲಿ ಆಗಿದ್ದು ಇದೇ. ಮಾರ್ಚ್‌ನಲ್ಲೇ 80 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಜನ ಐಸ್‌ಕ್ರೀಮ್ ಅಂಗಡಿ ಮುಂದೆ ಸಾಲು ನಿಂತರು, ಟಿವಿಯಲ್ಲಿ ಎಲ್ಲರೂ ಎಷ್ಟು ಚಂದದ ಹವೆ ಅಂದರು. ಮರಗಳು ವಾರಗಟ್ಟಲೆ ಮುಂಚೆ ಎದ್ದವು. ಆಮೇಲೆ ಏಪ್ರಿಲ್‌ನಲ್ಲಿ ರಾತ್ರಿ ಮೇಲೆ ರಾತ್ರಿ ಹೆಪ್ಪುಗಟ್ಟಿಸುವ ಚಳಿ ಬಿತ್ತು. ಮಿಷಿಗನ್‌ನ ಹುಳಿ ಚೆರಿ ಬೆಳೆಯಲ್ಲಿ ಸುಮಾರು 90% ಹೋಯಿತು, ಸೇಬೂ ಅದೇ ಹಾದಿ ಹಿಡಿಯಿತು. ಅಷ್ಟು ಬಿಸಿಗೆ ಸರೋವರವೂ ಅಡ್ಡ ನಿಲ್ಲಲಾಗಲಿಲ್ಲ. ತೋಟಗಳಲ್ಲಿ ಎತ್ತರದ ಕಂಬಕ್ಕೆ ಕಟ್ಟಿದ ದೊಡ್ಡ ಫ್ಯಾನ್‌ಗಳಿವೆ, ನಿಜ. ಮೇಲಿನ ಬೆಚ್ಚಗಿನ ಗಾಳಿಯನ್ನು ಅವು ಕೆಳಗೆ ತಳ್ಳುತ್ತವೆ. ಆದರೆ ಮೇಲೆ ಬೆಚ್ಚಗಿನ ಗಾಳಿ ಇದ್ದರೆ ತಾನೇ?

ಈಗ ಆ ಕಿತ್ತಳೆ ನಕ್ಷೆಗೆ ಬನ್ನಿ. 40% ಅಂತ ಬರೆದಿದ್ದರೆ ಏನರ್ಥ? ಬೆಚ್ಚಗೆ, ವಾಡಿಕೆಯಷ್ಟು, ತಣ್ಣಗೆ ಅನ್ನುವ ಮೂರಕ್ಕೂ ಮೊದಲು ಸಮಪಾಲು, ತಲಾ 33%; ಮೂರು ತಿಂಗಳ ಸರಾಸರಿ ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಆ 33ರಿಂದ 40ಕ್ಕೆ ಏರಿದೆ, ಅಷ್ಟೆ. ಏಪ್ರಿಲ್ ಕೊನೆಯ ಒಂದು ರಾತ್ರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇಲ್ಲಿ ಒಂದು ವರ್ಷದ ದುಡಿಮೆ ನಿಂತಿರುವುದೇ ಆ ಒಂದು ರಾತ್ರಿಯ ಮೇಲೆ. ನಕ್ಷೆ ಮಾಡುವವರು ಇದನ್ನು ಮುಚ್ಚಿಟ್ಟಿಲ್ಲ, ಬಿಡಿ. "ವಸಂತ ಬೇಗ ಬಂತು" ಅಂತ ತಲೆಬರಹ ಹಾಕುವವರ ಮೇಲೆ ನನ್ನ ಸಿಟ್ಟು.

ನಾನು ನೋಡುವುದು ಬೇರೆ ಸಂಗತಿಗಳನ್ನು. ಆ್ಯನ್ ಆರ್ಬರ್‌ನಲ್ಲಿರುವ ಮಹಾ ಸರೋವರಗಳ ಪ್ರಯೋಗಾಲಯ ಮಂಜುಗಡ್ಡೆ ಎಷ್ಟಿದೆ ಅಂತ ದಿನಾ ಲೆಕ್ಕ ಕೊಡುತ್ತದೆ. 2014ರಲ್ಲಿ ಐದೂ ಸರೋವರ ಸೇರಿ 90% ಮೀರಿ ಹೆಪ್ಪುಗಟ್ಟಿತ್ತು, 2024ರಲ್ಲಿ ಅತಿ ಹೆಚ್ಚು ಅಂದರೆ 16% ಆಸುಪಾಸು. ಗಡ್ಡೆ ಜಾಸ್ತಿ ಇದ್ದ ವರ್ಷ ದಡದ ಚಳಿ ಸುಲಭಕ್ಕೆ ಬಿಡುವುದಿಲ್ಲ. ಮೀನಿಗೂ ಗಡ್ಡೆ ಬೇಕು. ವೈಟ್‌ಫಿಶ್ ನವೆಂಬರ್‌ನಲ್ಲಿ ಕಡಿಮೆ ಆಳದಲ್ಲಿ ಮೊಟ್ಟೆ ಇಡುತ್ತದೆ, ಅಲೆಯ ಹೊಡೆತದಿಂದ ಅದನ್ನು ಕಾಯುವುದು ಮೇಲಿನ ಗಡ್ಡೆ. ಗಡ್ಡೆ ಆದ ಮೇಲೆ ನೀರಿನ ಉಷ್ಣಾಂಶ, ಗಾಳಿಯ ದಿಕ್ಕು. ಮೊಗ್ಗು ಯಾವ ಹಂತದಲ್ಲಿದೆ ಅನ್ನುವುದಕ್ಕೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎನ್ವಿರೋವೆದರ್ ಅನ್ನುವ ಹವಾಮಾನ ಜಾಲತಾಣ ಇದೆ. ಈ ಮಾಹಿತಿ ಎಲ್ಲ ಬಿಟ್ಟಿಯಾಗಿ ಸಿಗುತ್ತದೆ. ಟಿವಿ ಚಾನೆಲ್‌ನವರು ವಾರಕ್ಕೊಮ್ಮೆ, ಬರೀ ಒಂದು ನಿಮಿಷ, ಮೊಗ್ಗಿನ ಸ್ಥಿತಿಯನ್ನೂ ಹವಾಮಾನದ ಜೊತೆ ಹೇಳಿದರೆ ಬಿಸಿಲು ಕಂಡು ಖುಷಿಪಡುವ ಜನಕ್ಕೂ ಬೆಳೆಗಾರರ ಆತಂಕ ಅರ್ಥವಾಗುತ್ತದೆ.

ಮಾರ್ಚ್ ವಾರಾಂತ್ಯಕ್ಕೆ ಡೆಟ್ರಾಯಿಟ್ ಕಡೆಯಿಂದ ಅತ್ತ ಹೊರಟಿದ್ದೀರಾ? ದಯವಿಟ್ಟು ಸರೋವರದ ಗಡ್ಡೆ ಮೇಲೆ ಕಾಲಿಡಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಬಿಸಿಲಿಗೆ ಅದು ಒಳಗೇ ಟೊಳ್ಳಾಗಿರುತ್ತದೆ, ದಪ್ಪ ನೋಡಿ ಗಟ್ಟಿ ಅಂದುಕೊಳ್ಳಬೇಡಿ. ಆ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರೇ ಹತೋಟಿಗೆ ಬರುವುದಿಲ್ಲ, ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದನ್ನು ನಿಲ್ಲಿಸುತ್ತವೆ. ದಡದಿಂದಲೇ ನೋಡಿ, ದಪ್ಪ ಜಾಕೆಟ್ ಹಾಕಿಕೊಂಡು. ಮೇ ತಿಂಗಳಲ್ಲಿ ಮತ್ತೆ ಹೋಗಿ, ಹೂವು ಆಗ.